ಕಿಟಕಿಯ ಮೇಲಿನ ಬಾಟಲಿಗಳು

ಕಣ್ಣು ತಾಗುತ್ತದೆ, ಹೊಟ್ಟೆಯುರಿ ಮಕ್ಕಳಿಗೆ ತಟ್ಟುತ್ತದೆ ಎಂಬ ಮಾತುಗಳನ್ನು ನಾನು ನಂಬಿದವಳಲ್ಲ. ರಸಾಯನಶಾಸ್ತ್ರ ಓದಿ ಬಿ.ಎಸ್‌ಸಿ. ಮಾಡಿದವಳು; ಅತ್ತೆ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಾಗಲೆಲ್ಲ ಕೆಮ್ಮುತ್ತಲೇ ನಗುತ್ತಿದ್ದೆ. ಈಗ ಇದನ್ನು ಓದಿ ನೀವು ನಕ್ಕರೂ ನನಗೆ ಬೇಸರವಿಲ್ಲ.

ಐವತ್ತರ ದಶಕದ ಕೊನೆ. ಮೈಸೂರಿನ ಅಗ್ರಹಾರದ ಮನೆಯಲ್ಲಿ ನಾವು, ಮೈದುನನ ಸಂಸಾರ, ಅತ್ತೆ ಒಟ್ಟಿಗಿದ್ದೆವು. ನನಗೆ ಮಕ್ಕಳಾಗಲಿಲ್ಲ. ವಾರಗಿತ್ತಿ ಲಲಿತೆಯ ಮಗಳು ವತ್ಸಲೆಗೆ ಏಳು ವರ್ಷ. ಜಡೆ ಹಾಕುವುದು, ಮಗ್ಗಿ ಹೇಳಿಸುವುದು, ಪಕ್ಕದಲ್ಲಿ ಮಲಗಿಸಿಕೊಳ್ಳುವುದು ಎಲ್ಲ ನನ್ನದೇ. ಅವಳು ನನ್ನವಳೆಂದು ಒಳಗೊಳಗೇ ತೀರ್ಮಾನಿಸಿಬಿಟ್ಟಿದ್ದೆ.

ಒಂದು ಭಾನುವಾರ ಬೆಳಿಗ್ಗೆ ಅಪ್ಪನ ಸೈಕಲ್ಲಿನ ಬಾರಿನ ಕೆಳಗೆ ಕಾಲು ತೂರಿಸಿ ತುಳಿಯುತ್ತಿದ್ದವಳು ನಮ್ಮ ಬಾಗಿಲಲ್ಲೇ ಬಿದ್ದಳು. ಹ್ಯಾಂಡಲ್ಲಿನ ತುದಿ ಪಕ್ಕೆಗೆ ಗುದ್ದಿತ್ತು. ಮೈಮೇಲೆ ತರಚಿದ ಗಾಯವೂ ಇರಲಿಲ್ಲ. ಮೊದಲು ಓಡಿ ಎತ್ತಿಕೊಂಡವಳು ನಾನು. ಅವಳು ನನ್ನ ಎದೆ ತಳ್ಳಿ, "ನೀನು ಬೇಡ ದೊಡ್ಡಮ್ಮ, ಅಮ್ಮ ಬೇಕು!" ಎಂದು ಚೀರಿದಳು. ಮಧ್ಯಾಹ್ನ ಮೂತ್ರದಲ್ಲಿ ರಕ್ತವೇ ಹೋಯಿತು.

ಆಸ್ಪತ್ರೆಯ ಡಾಕ್ಟರು, ಮೂತ್ರಪಿಂಡ ಸೀಳಿದೆ, ಆದರೆ ಅಲುಗಾಡದೆ ಮಲಗಿದರೆ ಮಕ್ಕಳಲ್ಲಿ ಎಷ್ಟೋ ಸಲ ತಾನೇ ಕೂಡಿಕೊಳ್ಳುತ್ತದೆ ಎಂದರು. ಪ್ರತಿ ಸಲದ ಮೂತ್ರವನ್ನೂ ಒಂದೊಂದು ಬಾಟಲಿಯಲ್ಲಿ ಹಿಡಿದು, ಹೊತ್ತು ಬರೆದ ಚೀಟಿ ಅಂಟಿಸಿ, ಕಿಟಕಿಯ ಮೇಲೆ ಸಾಲಾಗಿ ಇಡಿಸಿದರು. ಕೆಂಪು ತಿಳಿಯಾಗುತ್ತ ಬಂದರೆ ಸರಿ. ಇಲ್ಲದಿದ್ದರೆ ಕೊಯ್ದು ಮೂತ್ರಪಿಂಡವನ್ನೇ ತೆಗೆಯಬೇಕು.

ನಾನು ಮೂರು ಗಂಟೆಗೆ ಗಂಜಿ ಒಯ್ಯುತ್ತಿದ್ದೆ. ಸೋಮವಾರ ನಾನು ಕೂತು ಬಂದ ಮೇಲಿನ ಬಾಟಲಿ ಹಿಂದಿನದಕ್ಕಿಂತ ಕೆಂಪು. ಮಂಗಳವಾರ ಮಾವನವರ ತಿಥಿ, ಹೋಗಲಾಗಲಿಲ್ಲ. ಅಂದಿನವೆಲ್ಲ ಒಂದಕ್ಕಿಂತ ಒಂದು ತಿಳಿ. ಬುಧವಾರ ಹೋದೆ, ಮತ್ತೆ ಕೆಂಪು. ನನ್ನನ್ನು ಕಂಡು ಹೊರಳಾಡುತ್ತಾಳೆ, ಅದಕ್ಕೇ ಎಂದುಕೊಂಡೆ. ಗುರುವಾರ ಅವಳು ನಿದ್ದೆಯಲ್ಲಿದ್ದಳು. ಬಾಗಿಲಲ್ಲೇ ನಿಂತೆ. ನಿದ್ದೆಯಲ್ಲೂ ಅವಳ ಮುಷ್ಟಿ ಲಲಿತೆಯ ಸೆರಗನ್ನು ಹಿಡಿದಿತ್ತು. ನನ್ನೊಳಗೆ ಏನೋ ಹೊತ್ತಿಕೊಂಡಿತು. ಅದಕ್ಕೆ ಅಸೂಯೆ ಎಂದಲ್ಲದೆ ಬೇರೆ ಹೆಸರು ಕೊಡಲಾರೆ. ನಾಲ್ಕು ಗಂಟೆಯ ಬಾಟಲಿ ಕಾಫಿ ಡಿಕಾಕ್ಷನ್ನಿನ ಹಾಗಿತ್ತು.

"ನಾಳೆ ಸಂಜೆಯೊಳಗೆ ತಿಳಿಯಾಗದಿದ್ರೆ ಆಪರೇಷನ್ನೇ," ಎಂದರು ಡಾಕ್ಟರು.

ಶುಕ್ರವಾರ ನಾನು ಹೋಗಲಿಲ್ಲ. ನಮ್ಮವರು ಆಸ್ಪತ್ರೆಯಿಂದ ಓಡಿ ಬಂದರು.

"ಮಗು ದೊಡ್ಡಮ್ಮ ಎಲ್ಲಿ ಅಂತ ಕೇಳ್ತಿದೆ ಕಣೇ. ಲಲಿತ ಒಬ್ಬಳೇ ಅಳ್ತಾ ಕೂತಿದಾಳೆ."

"ನಾನು ಬರಲ್ಲ ಅಂದ್ನಲ್ಲ."

"ಮೂರು ಹೊತ್ತೂ ಮಗು ಮಗು ಅಂತಿದ್ದೆ, ಇಷ್ಟೇನಾ?"

ಅಡುಗೆಮನೆಯ ಬಾಗಿಲು ಹಾಕಿಕೊಂಡೆ. ಮಗು ನನ್ನನ್ನು ಕೇಳಿತೆಂಬ ಮಾತು, ಹೇಳಲು ನಾಚಿಕೆ, ಆ ಗಳಿಗೆಯಲ್ಲೂ ನನಗೆ ಹಿತವಾಯಿತು.

ಸಂಜೆಯ ಬಾಟಲಿ ನಿಂಬೆ ಶರಬತ್ತಿನ ಬಣ್ಣಕ್ಕೆ ತಿರುಗಿತ್ತು. ಆಪರೇಷನ್ ಆಗಲಿಲ್ಲ. ಮೂರು ವಾರ ನಾನು ಆ ಕಡೆ ತಲೆ ಹಾಕಲಿಲ್ಲ. ಮಗು ಮನೆಗೆ ಬಂದ ದಿನ ಲಲಿತೆ ಎಲ್ಲರೆದುರು, "ಹೆತ್ತಿದ್ರೆ ಗೊತ್ತಾಗ್ತಿತ್ತು ಅಕ್ಕ ನಿಮಗೆ," ಎಂದಳು. ಅಂದಿನಿಂದ ವತ್ಸಲೆಯ ಹಾಸಿಗೆ ಅವಳ ಅಮ್ಮನ ಕೋಣೆಗೆ ಹೋಯಿತು.

ಆ ಮೂತ್ರಪಿಂಡ ಸ್ವಲ್ಪ ಸಣ್ಣದಾಗಿ ಉಳಿಯಿತಂತೆ. ಆದರೂ ಕೆಲಸ ಮಾಡುತ್ತಿದೆ. ವರ್ಷಕ್ಕೊಮ್ಮೆ ರಕ್ತದೊತ್ತಡ ನೋಡಿಸಿಕೊಳ್ಳುತ್ತಾಳೆ, ಅಷ್ಟೆ.

ಐದು ದಿನದ ಬಾಟಲಿಗಳಿಂದ ಏನೂ ಸಾಬೀತಾಗುವುದಿಲ್ಲ, ನನಗೂ ಗೊತ್ತು. ನಿಜ ತಿಳಿಯಬೇಕಿದ್ದರೆ ಶುಕ್ರವಾರವೂ ನಾನು ಆ ಬಾಗಿಲಲ್ಲಿ ನಿಂತು ನೋಡಬೇಕಿತ್ತು. ಈಗಲೂ ಎಷ್ಟೋ ಮಧ್ಯಾಹ್ನ ಮನಸ್ಸಿನಲ್ಲೇ ಎದ್ದು ಹೊರಡುತ್ತೇನೆ. ವಾರ್ಡಿನ ಮೆಟ್ಟಿಲವರೆಗೆ ಹೋಗಿ, ಹಿಂತಿರುಗಿಬಿಡುತ್ತೇನೆ.