ದೊಡ್ಡಮ್ಮನ ಗಂಟಲು

ಶಿಕಾರಿಪುರದ ನಮ್ಮ ಸಮುದಾಯ ರೇಡಿಯೋದಲ್ಲಿ ಬೆಳಿಗ್ಗೆ ಏಳರಿಂದ ಎಂಟರವರೆಗೆ ನಗುವುದು ನನ್ನ ಕೆಲಸ. ನಾಲ್ಕು ಹಾಡು, ಒಬ್ಬರು ಅತಿಥಿ, ಕೇಳುಗರ ಫೋನು, ಕೊನೆಗೆ ಎರಡು ನಿಮಿಷದ ಚಿಂತನ. ಆ ಚಿಂತನವನ್ನು ಹಿಂದಿನ ದಿನ ಸಂಜೆ ನಾನೇ ಬರೆದಿಟ್ಟುಕೊಳ್ಳುತ್ತೇನೆ. ಸತ್ಯ, ತಾಳ್ಮೆ, ಹಿರಿಯರಿಗೆ ಗೌರವ, ಹೀಗೆ ಏನಾದರೂ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದು ನನ್ನ ಗಂಡ ಚೇಷ್ಟೆ ಮಾಡುತ್ತಾರೆ. ಹೋದ ವರ್ಷದ ಚಳಿಗಾಲದ ಒಂದು ಸೋಮವಾರದವರೆಗೆ ಆ ಮಾತಿಗೆ ನಾನೂ ನಗುತ್ತಿದ್ದೆ.

ನಮ್ಮ ನಿಲಯದ ಮುಖ್ಯಸ್ಥರು ಚಂದ್ರಗುತ್ತಿಯ ಕಡೆ ಧ್ವನಿಮುದ್ರಣಕ್ಕೆಂದು ಹೋಗಿದ್ದರು. ಬಂದವರೇ, ಹೊಸಬಾಳೆಯಲ್ಲಿ ಸೋಬಾನೆ ಹಾಡುವ ಅಜ್ಜಿಯೊಬ್ಬರಿದ್ದಾರಂತೆ, ಫೋನು ಮಾಡಿ ಒಪ್ಪಿಸಿಯೂ ಆಯಿತು, ಸೋಮವಾರದ ಅತಿಥಿ ಅವರೇ ಎಂದು ಸಂಭ್ರಮದಿಂದ ಹೇಳಿದರು. ಅಜ್ಜಿ ಯಾರೆಂದು ಅವರಿಗೆ ಗೊತ್ತಿರಲಿಲ್ಲ. ನನ್ನ ತಾಯಿಯ ಅಕ್ಕ, ನನ್ನ ದೊಡ್ಡಮ್ಮ. ನಾನಾಗಿದ್ದರೆ ಅವಳನ್ನು ಕರೆಯುತ್ತಿರಲಿಲ್ಲ. ಕರೆಯುವ ಧೈರ್ಯ ನನಗಿರಲಿಲ್ಲ.

ಒಂದು ಕಾಲದಲ್ಲಿ ಅವಳಿಲ್ಲದೆ ಆ ಸೀಮೆಯಲ್ಲಿ ಮದುವೆಯೇ ಇಲ್ಲ. ನನ್ನ ಮದುವೆಯಲ್ಲಿ ಹೆಣ್ಣೊಪ್ಪಿಸುವ ಹಾಡು ಹಾಡಿ ನನ್ನ ಮಾವನವರ ಕಣ್ಣಲ್ಲಿ ನೀರು ತರಿಸಿದ್ದಳು. ಆ ಮನುಷ್ಯ ಆಮೇಲೆ ತಮ್ಮ ತಾಯಿ ತೀರಿಕೊಂಡಾಗಲೂ ಅತ್ತವರಲ್ಲ. ದೊಡ್ಡಪ್ಪ ಹೋದ ಮೇಲೆ ಕರೆಗಳು ನಿಂತವು. ಸೋಬಾನೆಗೆ ಮುತ್ತೈದೆಯರೇ ಆಗಬೇಕು ಎಂದು ಯಾರೂ ಅವಳ ಮುಖಕ್ಕೆ ಹೇಳಲಿಲ್ಲ, ಸುಮ್ಮನೆ ಕರೆಯುವುದನ್ನು ಬಿಟ್ಟರು. ಅವಳು ಕುರಿ ಮೇಯಿಸುತ್ತ ಕುರಿಗಳ ಮುಂದೆ ಹಾಡಿಕೊಂಡಿದ್ದಳು. ಬೇಸಿಗೆ ರಜೆಯಲ್ಲಿ ಅವಳ ಬೆನ್ನು ಹತ್ತಿ ಅಲೆಯುತ್ತಿದ್ದ ನನ್ನ ಮಗಳು, ನನ್ನ ಮದುವೆಗೆ ಅಜ್ಜಿಯೇ ಹಾಡಬೇಕು ಎಂದು ಏಳನೇ ವಯಸ್ಸಿನಲ್ಲೇ ತೀರ್ಮಾನಿಸಿಬಿಟ್ಟಿದ್ದಳು.

ಎರಡು ವರ್ಷದ ಹಿಂದೆ ಆ ಮದುವೆ ಬಂತು. ಗಂಡಿನ ಮನೆಯವರು ಸೊರಬದವರು, ಒಳ್ಳೆಯ ಜನ. ವಿಧವೆ ಹಾಡಬಾರದು ಎಂದು ಅವರಲ್ಲಿ ಯಾರೂ ಅನ್ನಲಿಲ್ಲ. ಅಂದಾರು ಎಂದು ಹೆದರಿ ನಾನೇ ಮೊದಲು ಬಾಗಿಲು ಹಾಕಿದೆ. ಆರ್ಕೆಸ್ಟ್ರಾದವರಿಗೆ ಹೇಳಿಬಿಟ್ಟಿದ್ದೇವೆ, ಹಾಡಿಗೆ ಹೊತ್ತಿಲ್ಲ ಎಂದು ದೊಡ್ಡಮ್ಮನಿಗೆ ಹೇಳಿದೆ. ಅಜ್ಜಿಗೆ ಗಂಟಲು ಕಟ್ಟಿದೆ, ದನಿಯೇ ಹೊರಡುತ್ತಿಲ್ಲ ಎಂದು ಮಗಳಿಗೆ ಹೇಳಿದೆ. ಅವಳು ಹಸೆಮಣೆಯ ಮೇಲೆ, ಇವಳು ಕೊನೆಯ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ. ನನ್ನ ಎರಡು ಸುಳ್ಳುಗಳ ನಡುವೆ ಇಪ್ಪತ್ತು ಸಾಲು ಜನ ಕೂತಿದ್ದರು, ಹಾಗಾಗಿ ಅವು ಒಂದಕ್ಕೊಂದು ಭೇಟಿಯಾಗಲಿಲ್ಲ. ಮಗಳ ಕೈಯನ್ನು ಅವಳ ಅತ್ತೆಯ ಕೈಗಿಡುವಾಗ ಆರ್ಕೆಸ್ಟ್ರಾದ ಹುಡುಗಿ ಯಾವುದೋ ಸಿನಿಮಾ ಹಾಡು ಹೇಳುತ್ತಿದ್ದಳು.

ಈಗ ಅವೆರಡೂ ಗಾಳಿಯಲ್ಲಿ ಭೇಟಿಯಾಗುವ ಹಾಗಿತ್ತು. ನಮ್ಮ ರೇಡಿಯೋ ಸೊರಬದವರೆಗೆ ಸಿಗುವುದಿಲ್ಲ, ಆದರೆ ಮಗಳು ಬೆಳಿಗ್ಗೆ ಗಂಡನ ಡಬ್ಬಿ ಕಟ್ಟುತ್ತ ಮೊಬೈಲಿನಲ್ಲಿ ತಪ್ಪದೆ ಕೇಳುತ್ತಾಳೆ. ಭಾನುವಾರ ಸಂಜೆ ಅವಳಿಗೆ ಫೋನು ಮಾಡಿ, ನಾಳೆ ಸೋಮವಾರ, ಬೆಳಿಗ್ಗೆಯೇ ದೇವಸ್ಥಾನಕ್ಕೆ ಹೋಗಿಬರಬಾರದೇ ಎಂದೆ. ಇದ್ದಕ್ಕಿದ್ದಂತೆ ಇದೇನು ಭಕ್ತಿ ಎಂದು ನಕ್ಕಳು. ನಾಳೆಯ ಅತಿಥಿ ಯಾರು ಎಂದು ಕೇಳಿದಳು. ಕುರಿ ಸಾಕುವವರೊಬ್ಬರು ಎಂದೆ. ಅದು ಸುಳ್ಳಲ್ಲವಲ್ಲ.

ಬೆಳಗಿನ ಬಸ್ಸಿಗೆ ಹೊರಟರೆ ಏಳಕ್ಕೆ ತಲುಪುವುದಿಲ್ಲವೆಂದು ದೊಡ್ಡಮ್ಮ ಹಿಂದಿನ ದಿನವೇ ನಮ್ಮ ಮನೆಗೆ ಬಂದಿದ್ದಳು. ಉಂಡು ನೆಮ್ಮದಿಯಾಗಿ ಮಲಗಿದಳು. ನನಗೆ ನಿದ್ದೆ ಹತ್ತಲಿಲ್ಲ. ಏನು ಹಾಡಲಿ ಎಂದು ಅವಳು ಕೇಳಿದಾಗ, ಬೀಸುವ ಪದ, ಕುಟ್ಟುವ ಪದ ಯಾವುದಾದರೂ ಹಾಡು, ಮದುವೆಯ ಹಾಡು ಈ ಹೊತ್ತಿಗೆ ಹೊಂದುವುದಿಲ್ಲ ಎಂದಿದ್ದೆ. ಆಗಲಿ ಎಂದಿದ್ದಳು, ಅಷ್ಟೇ.

ಸ್ಟುಡಿಯೋದಲ್ಲಿ ತಲೆ ಮುಚ್ಚಿದ ಸೆರಗಿನ ಮೇಲೆ ಹೆಡ್‌ಫೋನ್ ಇಟ್ಟುಕೊಂಡು ಅವಳು ಗಟ್ಟಿಯಾಗಿ ಕೂತಳು. ರೇಡಿಯೋದಲ್ಲಿ ಎಲ್ಲರಿಗೂ ಬಹುವಚನ. ನೀವು ಎಷ್ಟು ವರ್ಷದಿಂದ ಕುರಿ ಸಾಕುತ್ತಿದ್ದೀರಿ ಎಂದು ಕೇಳಿದರೆ, ಇದೇನೇ ನನಗೆ ನೀವು ತಾವು ಅಂತೀಯಲ್ಲ ಎಂದು ನೇರಪ್ರಸಾರದಲ್ಲೇ ಗದರಿದಳು. ಗಾಜಿನಾಚೆ ಮುಖ್ಯಸ್ಥರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನೂ ನಕ್ಕೆ, ನಗುವುದು ಕೆಲಸವಲ್ಲವೇ. ಆಮೇಲೆ ಕುರಿಯ ತುಪ್ಪಟ, ಕುರಿಯ ಕಾಲುಬೇನೆ, ಕುರಿಗೆ ಹೊಂಚು ಹಾಕುವ ನಾಯಿಗಳು ಎಂದು ಇಪ್ಪತ್ತು ನಿಮಿಷ ಕುರಿಯ ಮೇಲೆಯೇ ಕಳೆದೆ. ಹಾಡು, ಹಾಡು ಎಂದು ಮುಖ್ಯಸ್ಥರು ಆಚೆಯಿಂದ ಕೈಸನ್ನೆ ಮಾಡಿದರು. ಅವಳು ಬೀಸುವ ಪದವೊಂದನ್ನು ಹಾಡಿದಳು. ಆ ದನಿಗೆ ವಯಸ್ಸಾಗಿರಲಿಲ್ಲ.

ಏಳು ನಲವತ್ತಕ್ಕೆ ಫೋನು ತೆರೆಯಬೇಕು. ಮೊದಲನೆಯವರು ಶಿರಾಳಕೊಪ್ಪದ ಹೋಟೆಲಿನವರು, ಹಾಡು ಕೇಳುತ್ತ ದೋಸೆ ಸೀದುಹೋಯಿತು ರೀ ಎಂದರು. ಎರಡನೆಯ ಕರೆಯಲ್ಲಿ ಬರೀ ಉಸಿರು ಕೇಳಿಸಿತು. ಅಷ್ಟಕ್ಕೇ ನನಗೆ ಗೊತ್ತಾಯಿತು.

"ಅಜ್ಜಿ, ನಾನು. ಅಮ್ಮ ನೀನು ಬರ್ತೀಯ ಅಂತ ಹೇಳೇ ಇಲ್ಲ ನೋಡು," ಎಂದಳು ಮಗಳು. "ನನ್ನ ಮದ್ವೆ ದಿನ ನಿಂಗೆ ಗಂಟಲು ಕಟ್ಟಿತ್ತಲ್ಲ. ಪಾಪ ಅಂತ ಶುಂಠಿ ಕಷಾಯ ಮಾಡ್ಸಿ ಕಳ್ಸಿದ್ದೆ. ಅವತ್ತು ಹಾಡಕ್ಕಾಗ್ಲಿಲ್ಲ, ಇವತ್ತಾದ್ರೂ ಹೆಣ್ಣೊಪ್ಪಿಸೋ ಹಾಡು ಹೇಳು."

ಕಷಾಯದ ವಿಷಯ ನನಗೆ ಗೊತ್ತೇ ಇರಲಿಲ್ಲ. ತನಗೆ ಅದನ್ನು ಯಾಕೆ ಕೊಟ್ಟರು ಎಂದು ತಿಳಿಯದೆಯೇ ದೊಡ್ಡಮ್ಮ ಅವತ್ತು ಅದನ್ನು ಕುಡಿದಿದ್ದಾಳೆ. ಅವಳು ನನ್ನ ಕಡೆ ತಿರುಗಿ ನೋಡಿದಳು. ಮುಂದಿದ್ದ ಗುಂಡಿ ಒತ್ತಿದರೆ ಫೋನು ಕಟ್ಟಾಗುತ್ತಿತ್ತು, ಜಾಹೀರಾತು ಶುರುವಾಗುತ್ತಿತ್ತು. ಕೈ ಅಲ್ಲಿಯವರೆಗೆ ಹೋಯಿತು ಕೂಡ. ಅವಳು ನೋಡುತ್ತಲೇ ಇದ್ದಳು, ಒತ್ತಲು ಆಗಲಿಲ್ಲ.

"ಹೂಂ ಮಗಾ, ಕಟ್ಟಿತ್ತು," ಎಂದಳು ದೊಡ್ಡಮ್ಮ. "ಈಗ ಬಿಟ್ಟೈತೆ. ಹೇಳ್ತೀನಿ ಕೇಳು."

ಹಾಡಿದಳು. ಹುಡುಗಿಗೆ ಇನ್ನೂ ಕೆಲಸ ಬಾರದು, ತಪ್ಪಿದರೆ ಮೆಲ್ಲಗೆ ಹೇಳಿರಿ ಎಂದು ತಾಯಿ ಬೀಗಿತ್ತಿಯನ್ನು ಬೇಡಿಕೊಳ್ಳುವ ಹಾಡು ಅದು. ಫೋನಿನಲ್ಲಿ ಮಗಳು ಅಳುತ್ತಿದ್ದಳು. ನನಗೂ ಅಳು ಬಂತು, ಆದರೆ ನಾಚಿಕೆ ಅದಕ್ಕಿಂತ ಹೆಚ್ಚಾಗಿತ್ತು. ಬರೆದಿಟ್ಟ ಚಿಂತನವನ್ನು ಓದಲಿಲ್ಲ. ಸಮಯ ಮುಗಿಯಿತು ಎಂದೆ, ಇನ್ನೂ ಮೂರು ನಿಮಿಷವಿತ್ತು.

ಬಸ್ ನಿಲ್ದಾಣದವರೆಗೆ ಇಬ್ಬರೂ ನಡೆದೇ ಹೋದೆವು. ಒಂದು ಡಜನ್ ಬಾಳೆಹಣ್ಣು ತೆಗೆದುಕೊಟ್ಟೆ, ಬೇಡವೆನ್ನದೆ ಚೀಲಕ್ಕೆ ಹಾಕಿಕೊಂಡಳು. ಅವಳು ಊರಿಗೆ ಹೋಗಬೇಕಿದ್ದ ಸೊರಬದ ಬಸ್ಸು ಬಂದು ನಿಂತಾಗ, ತಪ್ಪಾಯಿತು ದೊಡ್ಡಮ್ಮ, ಗಂಡಿನ ಮನೆಯವರು ಏನಾದರೂ ಅಂದುಕೊಂಡಾರೆಂದು ಹೆದರಿದೆ ಎಂದು ತಡವರಿಸಿದೆ. ಅವಳು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ನಿಂತಳು.

"ಗಂಡ ಸತ್ತವಳು, ಹಾಡಬಾರ್ದು ಅಂದಿದ್ರೆ ಆಗ್ತಿತ್ತು. ಅದು ಊರಿಗೇ ಗೊತ್ತಿರೋದು, ನಂಗೇನು ಹೊಸ್ತಲ್ಲ. ಗಂಟಲು ಕಟ್ಟೈತೆ ಅಂದ್ಯಲ್ಲೇ. ನನ್ ಹತ್ರ ಇರೋದು ಅದೊಂದೇ ಆಗಿತ್ತು."

ಹಿಂದಿದ್ದವರು ಹತ್ತಿ ಎಂದು ಅವಸರ ಮಾಡಿದರು. ಅವಳು ಒಳಗೆ ಹೋಗಿ ಆಚೆ ಬದಿಯ ಕಿಟಕಿಯಲ್ಲಿ ಕೂತಳು.

ಬಸ್ಸು ನಿಲ್ದಾಣ ದಾಟುವ ಮೊದಲೇ ಮಗಳಿಗೆ ಫೋನು ಹಚ್ಚಿದೆ. ಅವಳಿನ್ನೂ ಹಾಡಿನ ಗುಂಗಿನಲ್ಲೇ ಇದ್ದಳು. ಅಜ್ಜಿಯ ಗಂಟಲಿಗೆ ಅವತ್ತು ಏನೂ ಆಗಿರಲಿಲ್ಲ ಎಂದೆ.

"ಮತ್ಯಾಕಮ್ಮ ಹಾಡ್ಲಿಲ್ಲ?" ಎಂದಳು.

ಅದನ್ನೂ ಹೇಳಿದೆ. ಆ ಕಡೆ ಕುಕ್ಕರ್ ಎರಡು ಸಲ ಕೂಗಿತು. ಅವಳು ಫೋನು ಇಟ್ಟಳು.