ಹೆಸರು ಹಾಕದ ಭಕ್ತೆ ಮತ್ತು ನನ್ನ ಎಂಟು ಪುಟ

ಕಳೆದ ಶ್ರಾವಣದಲ್ಲಿ ನಮ್ಮ ಅಮ್ಮ ಆಂಜನೇಯನ ಗುಡಿಗೆ ಹೋಗುವುದನ್ನು ನಿಲ್ಲಿಸಿಬಿಟ್ಟಳು. ನನಗೆ ಬುದ್ಧಿ ಬಂದಾಗಿನಿಂದ ಶನಿವಾರದ ಭಜನೆ ತಪ್ಪಿಸಿದವಳಲ್ಲ. ನಿಲ್ಲಿಸಿದ್ದಕ್ಕೆ ಕಾರಣ ನಾನು.

ಈ ಪತ್ರಿಕೆಯ ಕೊನೆಯ ಪುಟದಲ್ಲಿ ಬರುವ ಭಕ್ತರ ಅನುಭವಗಳನ್ನು ಓದಿ ನಕ್ಕವಳೂ ನಾನೇ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಎದುರಾಳಿ ಎತ್ತಿ ಆಡುವ ಮುಂಚೆ ನಮ್ಮ ತಪ್ಪನ್ನು ನಾವೇ ಎತ್ತಿಬಿಡಬೇಕು ಎಂಬುದು ಚರ್ಚಾಸ್ಪರ್ಧೆಗೆ ಹೋಗುವವರ ಮೊದಲ ಪಾಠ.

ಆಗ ನಾನು ಬಿ.ಎ. ಎರಡನೇ ವರ್ಷದಲ್ಲಿದ್ದೆ. ಕನ್ನಡ ಮೇಡಂ ಒಂದು ಅಸೈನ್‌ಮೆಂಟ್ ಕೊಟ್ಟರು. ಮನೆಯಲ್ಲಿ ಸಿಗುವ ಯಾವುದಾದರೂ ಬರಹ ತೆಗೆದುಕೊಂಡು, ಅದು ಓದುವವರನ್ನು ಹೇಗೆ ಒಪ್ಪಿಸುತ್ತದೆ ಎಂದು ಬಿಡಿಸಿ ತೋರಿಸಬೇಕು. ಗೆಳತಿಯರು ಸೋಪಿನ ಜಾಹೀರಾತು, ಚುನಾವಣೆಯ ಕರಪತ್ರ ಆರಿಸಿಕೊಂಡರು. ನಾನು ಅಟ್ಟ ಹತ್ತಿ ಇದೇ ಪತ್ರಿಕೆಯ ಹಳೆಯ ಸಂಚಿಕೆಗಳ ಕಟ್ಟು ಇಳಿಸಿದೆ. ಕೈಗೆ ಸಿಕ್ಕಿದ್ದು ಒಂದು ಪುಟದ ಬರಹ. ಮೂರು ವರ್ಷದ ಮಗುವಿಗೆ ಟೈಫಾಯ್ಡ್, ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ಹತ್ತು ದಿನ, ಒಂಬತ್ತನೆಯ ಸಂಜೆ ಆಂಜನೇಯನ ಸಿಂಧೂರ ಹಣೆಗೆ ಇಟ್ಟಿದ್ದು, ಬೆಳಗಾಗುವುದರೊಳಗೆ ಜ್ವರ ಇಳಿದದ್ದು. ಈ ಪುಟದ ವಾಡಿಕೆಯಂತೆ ಹೆಸರಿರಲಿಲ್ಲ. ‘ಓರ್ವ ಭಕ್ತೆ, ಚಾಮರಾಜಪೇಟೆ’ ಎಂದಷ್ಟೇ ಇತ್ತು.

ಎಂಟು ಪುಟ ಬರೆದೆ. ಒಂಬತ್ತು ದಿನದ ಇಂಜೆಕ್ಷನ್ನಿಗೆ ಅರ್ಧ ಸಾಲು, ಒಂದು ಚಿಟಿಕೆ ಸಿಂಧೂರಕ್ಕೆ ಅರ್ಧ ಪುಟ ಎಂದು ಅಳೆದು ತೋರಿಸಿದೆ. ಮಗುವಿನ ಒಣಗಿದ ತುಟಿಯ ವರ್ಣನೆ ಬಂದದ್ದು ಓದುಗರ ಕಣ್ಣಲ್ಲಿ ನೀರು ಬರಿಸಿ, ಪ್ರಶ್ನೆ ಕೇಳದ ಹಾಗೆ ಮಾಡಲು ಎಂದೆ. ಕೊನೆಯ ಸಾಲು ನನಗೆ ಬಹಳ ಹಿಡಿಸಿತ್ತು: ‘ಯೋಚಿಸುವ ಕೆಲಸವನ್ನು ದೇವರಿಗೆ ಒಪ್ಪಿಸಿ ನಿಶ್ಚಿಂತಳಾದ ಹೆಂಗಸಿನ ಬರಹ ಇದು.’

ನನ್ನ ಅಸೈನ್‌ಮೆಂಟುಗಳಿಗೆ ತೂತು ಹೊಡೆದು ದಾರ ಕಟ್ಟಿಕೊಡುವುದು ಅಮ್ಮ. ನಾನು ಕಟ್ಟಿದರೆ ಹಾಳೆ ಉದುರುತ್ತವೆ. ಅಂದೂ ಹುರುಳಿಕಾಯಿ ಸೋಸುವುದನ್ನು ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು ಕೂತಳು. ಕಟ್ಟುವ ಮೊದಲು ಪೂರ್ತಿ ಓದಿದಳು.

“ಅಕ್ಷರ ದುಂಡಗಿದೆ ಪುಟ್ಟಿ,” ಅಂದಳು. ಗಂಟು ಬಿಗಿದು ಕೊಟ್ಟಳು.

ಆ ಶನಿವಾರ ಪಕ್ಕದ ಮನೆಯ ಪದ್ಮಾ ಆಂಟಿ ಗೇಟಿನಲ್ಲಿ ನಿಂತು ಕೂಗಿದರು. “ಬರ್ತೀಯೇನೇ? ತಾಳ ನಿನ್ ಹತ್ರಾನೇ ಇದೆ!”

“ಮೊಣಕಾಲು ನೋವು ಕಣೇ. ತಾಳ ತೊಗೊಂಡು ಹೋಗು.”

ಅದೇ ಮೊಣಕಾಲಲ್ಲಿ ಅಮ್ಮ ಹಿಂದಿನ ದಿನ ಅಟ್ಟ ಹತ್ತಿ ಪತ್ರಿಕೆಯ ಕಟ್ಟನ್ನು ಮೊದಲಿದ್ದ ಜಾಗದಲ್ಲಿ ಇಟ್ಟು ಬಂದಿದ್ದಳು. ಮುಂದಿನ ಶನಿವಾರವೂ ಮೊಣಕಾಲು. ಅದರ ಮುಂದಿನದೂ. ಬೆಳಿಗ್ಗೆ ಕಾಫಿ ಸೋಸುತ್ತಾ ಹಾಡಿಕೊಳ್ಳುತ್ತಿದ್ದವಳು ಅದನ್ನೂ ನಿಲ್ಲಿಸಿದ್ದಳು. ನಮ್ಮ ಮನೆಯಲ್ಲಿ ನಲ್ಲಿಯ ಸದ್ದು ಅಷ್ಟು ಜೋರೆಂದು ನನಗೆ ಅದುವರೆಗೂ ಗೊತ್ತಿರಲಿಲ್ಲ.

ಅಪ್ಪನನ್ನು ಕೇಳಿದೆ. ಅವರು ಪೇಪರ್ ಮಡಿಸಿ ಕನ್ನಡಕ ತೆಗೆದರು.

“ಆ ಭಕ್ತೆ ಯಾರು ಅಂದ್ಕೊಂಡಿದೀಯಾ?”

“ಯಾರೋ ಒಬ್ರು.”

“ಆ ಟೈಫಾಯ್ಡ್ ಮಗು ನೀನೇ ಕಣಮ್ಮ. ನಿಮ್ಮಮ್ಮ ಬರೆದಳು, ನಾನು ಫೇರ್ ಕಾಪಿ ಮಾಡಿಕೊಟ್ಟೆ.”

ಒಣಗಿದ ತುಟಿ ನನ್ನದೇ ಎಂದು ತಿಳಿದ ಮೇಲೆ ಸುಮ್ಮನಿರಬೇಕಿತ್ತು. ಸುಮ್ಮನಿರುವ ಅಭ್ಯಾಸ ನನಗಿಲ್ಲ. ಅಡುಗೆಮನೆಗೆ ಹೋಗಿ, ತಪ್ಪಾಯ್ತು ಅಂದು, ಅಷ್ಟಕ್ಕೇ ಬಿಡದೆ ದೇವರ ಪರವಾಗಿ ಅರ್ಧ ಗಂಟೆ ವಾದ ಮಾಡಿದೆ. ಇಲ್ಲ ಅನ್ನುವುದಕ್ಕೂ ಪುರಾವೆ ಇಲ್ಲ, ನಂಬಿಕೆಯಿಂದ ರೋಗಿಗೆ ಧೈರ್ಯ ಬರುತ್ತದೆ, ಇತ್ಯಾದಿ. ಒಳ್ಳೆಯ ವಾದವೇ. ಸ್ಪರ್ಧೆಯಲ್ಲಾಗಿದ್ದರೆ ಅದಕ್ಕೆ ಕಪ್ ಬರುತ್ತಿತ್ತು.

ಅಮ್ಮ ಒಗ್ಗರಣೆ ಹಾಕಿ ತಿರುಗಿದಳು. “ನಿಂಗೆ ಎರಡು ಕಡೆನೂ ಮಾತಾಡಕ್ಕೆ ಬರತ್ತೆ ಪುಟ್ಟಿ. ನಂಗೆ ಒಂದೇ ಕಡೆ ಬರ್ತಿತ್ತು. ಈಗ ಹಾಡಕ್ಕೆ ಬಾಯಿ ತೆಗೆದ್ರೆ ನಿನ್ನ ಎಂಟು ಪುಟ ಕೇಳ್ಸತ್ತೆ. ನಾ ಏನು ಮಾಡ್ಲಿ, ಹೇಳು?”

ಸಮಯ ಮುಗಿಯುವ ಮುಂಚೆ ನಾನು ವೇದಿಕೆ ಇಳಿದದ್ದು ಅದೇ ಮೊದಲು.

ನಾಲ್ಕನೆಯ ಶನಿವಾರ ಕಾಲೇಜಿನಲ್ಲಿ ಅಸೈನ್‌ಮೆಂಟ್ ವಾಪಸ್ ಬಂತು. ಮೇಡಂ ಕೆಂಪು ಶಾಯಿಯಲ್ಲಿ ಬರೆದಿದ್ದರು: ‘ಇದನ್ನು ವಾದ ಎಂದು ಓದಿದ್ದೀಯ. ಬರೆದವರು ವಾದ ಮಾಡುತ್ತಿದ್ದಾರೆಯೇ? ಮತ್ತೆ ಬರೆ.’ ವಾದವಲ್ಲದೆ ಇನ್ನೇನು ಎಂದು ಬಸ್ಸಿನುದ್ದಕ್ಕೂ ಮನಸ್ಸಿನಲ್ಲೇ ಅವರೊಂದಿಗೆ ಜಗಳವಾಡಿದೆ. ಸ್ಟಾಪಿನಲ್ಲಿ ಇಳಿದವಳು ಮನೆಯ ಕಡೆ ತಿರುಗಲಿಲ್ಲ. ಮನೆಯಲ್ಲಿ ಅಮ್ಮ ರೇಡಿಯೊ ಕೂಡ ಹಾಕದೆ ಕೂತಿರುತ್ತಾಳೆ ಎಂದು ಗೊತ್ತಿತ್ತು. ಚಪ್ಪಲಿ ಬಿಟ್ಟು ಗುಡಿಯೊಳಗೆ ಹೋದೆ.

ಪ್ರಾರ್ಥನೆ ಮಾಡಲು ನನಗೆ ಬರುವುದಿಲ್ಲ. ಕಣ್ಣು ಮುಚ್ಚಿ ವಾದ ಶುರು ಮಾಡಿದೆ. ಮೊದಲನೆಯದಾಗಿ, ನೀನಿದ್ದೀಯೆಂದು ನಾನು ಒಪ್ಪಿಲ್ಲ. ಎರಡನೆಯದಾಗಿ, ತಪ್ಪು ನನ್ನದು, ಶಿಕ್ಷೆ ಅಮ್ಮನಿಗೆ, ಇದು ನ್ಯಾಯವಲ್ಲ. ಮೂರನೆಯದಕ್ಕೆ ಬರುವಷ್ಟರಲ್ಲಿ ಮಂಗಳಾರತಿಯ ಗಂಟೆ ಬಾರಿಸಿತು. ಸ್ಪರ್ಧೆಯಲ್ಲಿ ಗಂಟೆ ಬಾರಿಸಿದರೆ ಮಾತು ನಿಲ್ಲಿಸಲೇಬೇಕು. ಆರು ವರ್ಷದ ಅಭ್ಯಾಸ, ನಿಲ್ಲಿಸಿಬಿಟ್ಟೆ. ಆಮೇಲೆ ಉಳಿದದ್ದು ಎರಡೇ ಪದ. ಅಮ್ಮ ಬರಲಿ.

ಅದನ್ನೇ ಹೇಳಿಕೊಂಡು ಎಷ್ಟು ಹೊತ್ತು ನಿಂತೆನೋ ತಿಳಿಯದು. ತೋಳು ಹಿಡಿದು ಯಾರೋ ಅಲುಗಿಸಿದರು.

“ಏನಾಯ್ತೇ? ಫೇಲಾದ್ಯಾ? ಬಸ್ಸಲ್ಲಿ ಯಾರಾದ್ರೂ ಏನಾದ್ರೂ ಅಂದ್ರಾ? ಹೇಳೇ!”

ಅಮ್ಮ. ಮನೆಯಿಂದ ಓಡಿ ಬಂದು ಏದುಸಿರು ಬಿಡುತ್ತಿದ್ದಳು. ಹಿಂದೆ ಹೊಸ್ತಿಲಾಚೆ ಒಂದು ಅವಳ ಚಪ್ಪಲಿ, ಇನ್ನೊಂದು ಅಪ್ಪನ ಬಚ್ಚಲುಮನೆಯ ಹವಾಯಿ.

ಪದ್ಮಾ ಆಂಟಿ ತಾಳ ಹಿಡಿದು ಕಂಬದ ಪಕ್ಕ ನಿಂತಿದ್ದರು. “ನಾನೇ ಕಣೇ, ಹೂವಿನಂಗಡಿಯಿಂದ ಫೋನ್ ಮಾಡ್ದೆ. ನಿನ್ ಮಗಳು ದೇವರ ಮುಂದೆ ಕಣ್ಮುಚ್ಕೊಂಡು ನಿಂತಿದಾಳೆ ಅಂದ್ರೆ ಏನೋ ಅನಾಹುತಾನೇ ಆಗಿರ್ಬೇಕು ಅಂತ.”

“ನೀನು ಬರಲಿ ಅಂತ ಕೇಳ್ಕೋತಿದ್ದೆ ಅಮ್ಮ,” ಅಂದೆ.

ಅಮ್ಮ ನನ್ನ ಮುಖ ನೋಡಿದಳು. ಕಾಲಿನಲ್ಲಿದ್ದ ಧೂಳು ನೋಡಿಕೊಂಡಳು. ನಗು ತಡೆಯಲಾರದೆ ಸೆರಗು ಬಾಯಿಗೆ ಒತ್ತಿಕೊಂಡಳು. ಪದ್ಮಾ ಆಂಟಿ ಏನೂ ಕೇಳದೆ ತಾಳವನ್ನು ಅವಳ ಕೈಗೆ ತುರುಕಿದರು. ಮೊದಲ ಹಾಡಿಗೆ ಅಮ್ಮನ ತಾಳ ತಪ್ಪಿತು. ಎರಡನೆಯದಕ್ಕೆ ಸರಿಹೋಯಿತು.

ವಾಪಸ್ ಬರುವಾಗ ಕೇಳಿದೆ. “ಜ್ವರ ಇಳಿದಿದ್ದು ಇಂಜೆಕ್ಷನ್ನಿಂದ ಅಂತ ನಿಂಗೆ ಗೊತ್ತಿತ್ತಾ?”

“ಗೊತ್ತಿಲ್ದೆ ಏನೇ! ನೀನು ಒದೀತಿದ್ರೆ ಕಾಲು ಹಿಡ್ಕೋತಿದ್ದೋಳು ನಾನು. ಡಾಕ್ಟರಿಗೆ ಒಂದು ಡಬ್ಬಿ ಕೋಡುಬಳೆ ಕೊಟ್ಟೆ. ನರ್ಸಮ್ಮಂಗೆ ರವಿಕೆ ಕಣ ಕೊಟ್ಟೆ. ವಾರ್ಡಿನ ಆಯಾಗೂ ಕೊಟ್ಟೆ. ಎಲ್ಲರಿಗೂ ಕೊಟ್ಟಾದ್ಮೇಲೂ ಇನ್ನೂ ಮಿಕ್ಕಿತ್ತು ಪುಟ್ಟಿ. ಅದನ್ನ ಎಲ್ಲಿಗೆ ತೊಗೊಂಡು ಹೋಗ್ಲಿ? ಬರೆದೆ.”

ಮೇಡಂ ಕೇಳಿದ್ದು ಇದನ್ನೇ. ಅಮ್ಮ ಯಾರನ್ನೂ ಒಪ್ಪಿಸಲು ಹೊರಟಿರಲಿಲ್ಲ. ಎರಡನೆಯ ಸಲ ಎರಡೇ ಪುಟ ಬರೆದೆ. ಅಮ್ಮ ಅದನ್ನೂ ಓದಿಯೇ ದಾರ ಕಟ್ಟಿದಳು. “ಈ ಸಲ ಅಕ್ಷರ ಸೊಟ್ಟ,” ಅಂದಳು, ಹಾಡಿಕೊಳ್ಳುತ್ತಾ ಒಳಗೆ ಹೋದಳು.

ಬಂಧುಗಳೇ, ಅಮ್ಮ ಬಂದದ್ದು ಒಂದು ಫೋನಿನಿಂದ ಎಂದು ನನಗೆ ಗೊತ್ತು. ಎದುರು ಪಕ್ಷದವರು ಎದ್ದು ನಿಂತು ಅದನ್ನು ಹೇಳುವ ಕಷ್ಟ ತೆಗೆದುಕೊಳ್ಳಬೇಕಿಲ್ಲ. ನಾನು ಈಗಲೂ ವಾದ ಮಾಡುತ್ತೇನೆ, ಶನಿವಾರ ಬಿಟ್ಟು. ಶನಿವಾರ ಅಮ್ಮನ ಪಕ್ಕದಲ್ಲಿ ಕೂತು, ಗಂಟೆ ಬಾರಿಸಿದಾಗ ಮಾತು ನಿಲ್ಲಿಸುತ್ತೇನೆ. ಆ ಹೊತ್ತಿನಲ್ಲಿ ಕೇಳಿಸಿಕೊಳ್ಳುವವನು ಒಬ್ಬನಿದ್ದಾನೆ ಎಂಬುದರಲ್ಲಿ ನನಗೆ ಈಗ ಅನುಮಾನವಿಲ್ಲ.

ಪದ್ಮಾ ಆಂಟಿಗೆ ಒಂದು ಡಬ್ಬಿ ಕೋಡುಬಳೆ ಕೊಟ್ಟಾಯಿತು. ಹೂವಿನಂಗಡಿಯವರಿಗೂ ಕೊಟ್ಟೆ. ಮೇಡಂ ಬೇಡ ಬೇಡ ಎನ್ನುತ್ತಲೇ ತೆಗೆದುಕೊಂಡರು. ಎಲ್ಲರಿಗೂ ಕೊಟ್ಟ ಮೇಲೂ ಇನ್ನೂ ಮಿಕ್ಕಿದೆ. ಅದನ್ನು ಈ ಪುಟಕ್ಕೆ ತಂದಿದ್ದೇನೆ.

— ಓರ್ವ ಭಕ್ತೆಯ ಮಗಳು, ಚಾಮರಾಜಪೇಟೆ