ಹೊಂಬಾಳೆ ಹೊರಗೆ ಹೋಯಿತು

ಗಂಡಿನ ತಾಯಿ ನನ್ನ ಹಣೆಗೆ ಕುಂಕುಮ ಹಚ್ಚಲು ಕೈಯೆತ್ತಿದ್ದರು. ಆಗಲೇ ನಾನು ಸೀನಿಬಿಟ್ಟೆ. ಒಂದಲ್ಲ, ಸಾಲುಸಾಲಾಗಿ! ಎಂಬತ್ತರ ದಶಕದ ಗಂಗಾವತಿಯಲ್ಲಿ, ನನ್ನ ನಿಶ್ಚಯದ ದಿನ. ಅವರು ಕೈ ಹಿಂತೆಗೆದು ಎದ್ದು ನಿಂತರು.

“ಬೀಗರ, ಒಳ್ಳೆ ಗಳಿಗ್ಯಾಗ ಹುಡುಗಿ ಸೀನಿದ್ಲು. ನಾವಿನ್ನು ಬರ್ತೀವ್ರಿ.”

ಶುಭವಾಗಲೆಂದು ಕಾಲುವೆ ದಂಡೆಯ ನಮ್ಮ ತೋಟದಿಂದ ಅಪ್ಪನೇ ಕಡಿದು ತಂದಿದ್ದ ತೆಂಗಿನ ಹೊಂಬಾಳೆ ನನ್ನ ಪಕ್ಕದ ಕಲಶದ ಬಳಿಯೇ ಇತ್ತು. ಅದರ ಹಳದಿ ಹುಡಿ ನನ್ನ ಸೀರೆಯ ಮೇಲೆಲ್ಲ ಉದುರಿತ್ತು. ತೋಟದಲ್ಲಿ ಹೊಂಬಾಳೆ ಬಿರಿದಾಗಲೆಲ್ಲ ನನ್ನ ಮೂಗು ಹೀಗೇ ಕಾಡುತ್ತಿದ್ದುದು ತಟ್ಟನೆ ನೆನಪಾಯಿತು. ಹುಡುಗಿ ತಲೆ ತಗ್ಗಿಸಿ ಕೂರಬೇಕೆಂಬುದನ್ನು ಮರೆತು ಹೇಳಿಯೇಬಿಟ್ಟೆ:

“ಅತ್ತಿ, ಈ ಹೊಂಬಾಳಿ ಹೊರಗ ಇಡಸ್ರಿ. ಆಮ್ಯಾಲೂ ನಾ ಸೀನಿದ್ರ ನೀವು ಎದ್ದು ಹೋಗ್ರಿ.”

ಹೊಂಬಾಳೆ ಹೊರಗೆ ಹೋಯಿತು. ನಾನು ಮುಖ ತೊಳೆದು, ಸೀರೆ ಬದಲಿಸಿ ಬಂದು ಕುಳಿತೆ. ಎಲ್ಲರ ಕಣ್ಣೂ ನನ್ನ ಮೂಗಿನ ಮೇಲೆಯೇ. ಎಷ್ಟು ಹೊತ್ತಾದರೂ ಸೀನು ಬರಲೇ ಇಲ್ಲ! ಅವರು ಮತ್ತೆ ಕುಂಕುಮದ ಬಟ್ಟಲು ಎತ್ತಿಕೊಂಡರು.

ಮುಂದೆ ನಮ್ಮ ಮನೆಯ ಶುಭಕಾರ್ಯಗಳಿಗೆ ಯಾರಾದರೂ ಹೊಂಬಾಳೆ ತಂದರೆ, “ಒಳಗ ತರಬ್ಯಾಡ್ರಿ, ನಮ್ಮ ಸೊಸಿಗೆ ಆಗಿಬರೂದಿಲ್ಲ” ಎಂದು ಬಾಗಿಲಿಗೆ ಅಡ್ಡ ನಿಲ್ಲುತ್ತಿದ್ದವರು ಅದೇ ಅತ್ತೆ.